ಕಂಬದ ಎಡಕ್ಕೊಬ್ಬರು, ಬಲಕ್ಕೊಬ್ಬರು

ಪರದೆಯ ಮೇಲೆ ಅವಳಿಗೆ ಮೊದಲು ಕಂಡದ್ದು, ಇಳಿದು ಹೋಗುತ್ತಿದ್ದ ಜನರ ನಡುವೆ ಒಬ್ಬ ಹೆಂಗಸು ಹಿಂದಕ್ಕೆ ತಿರುಗಿದ್ದು.

ರೈಲು ನಿಲ್ದಾಣದ ಮಹಡಿಯ ಕೊಠಡಿಯಲ್ಲಿ ಗೋಡೆಯುದ್ದಕ್ಕೂ ಪರದೆಗಳಿದ್ದವು. ಒಂದರಲ್ಲಿ ಪ್ಲಾಟ್‌ಫಾರಂ, ಇನ್ನೊಂದರಲ್ಲಿ ಹಳಿಗಳ ಮೇಲಿನ ಸೇತುವೆ, ಮತ್ತೊಂದರಲ್ಲಿ ಸೇತುವೆಯಿಂದ ಇಳಿಯುವ ಮೆಟ್ಟಿಲು, ಕೊನೆಯದರಲ್ಲಿ ಮೆಟ್ಟಿಲ ಬುಡದ ಹೊರಬಾಗಿಲು. ಆ ಬಾಗಿಲಿಗೆ ನಾಲ್ಕು ಹೆಜ್ಜೆ ಈಚೆಗೆ, ದಾರಿಯ ನಟ್ಟನಡುವೆ, ಹಳದಿ ಬಳಿದ ಒಂದು ದುಂಡು ಕಂಬ. ಅದು ಚಾವಣಿಯನ್ನು ಹೊರುವ ಕಂಬವಲ್ಲ. ಏನನ್ನೂ ಹೊರದೆ ಸುಮ್ಮನೆ ನಿಂತಿದ್ದ ಕಂಬ. ಅದನ್ನು ಅಲ್ಲಿ ನಿಲ್ಲಿಸಿದವಳು ಅವಳೇ.

ಆ ಹೆಂಗಸು ಕಂಬದ ಎಡಕ್ಕೆ ಹೋಗಿದ್ದಳು, ಜೊತೆಯವನು ಬಲಕ್ಕೆ ಹೋಗಿದ್ದ. ನಡುವೆ ಕೈ ತಪ್ಪಿತು. ಅವಳು ನಿಂತು ಕತ್ತು ಹೊರಳಿಸಿ ಹುಡುಕಿದಳು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಅಷ್ಟೇ. ಅಷ್ಟರಲ್ಲಿ ಹಿಂದಿನವರು ಬಂದು ಅವಳ ಬೆನ್ನಿಗೆ ತಾಗಿದರು, ಅವರ ಬೆನ್ನಿಗೆ ಅವರ ಹಿಂದಿನವರು.

"ಹೇಗಿದೆ ಮೇಡಂ ನಿಮ್ಮ ಕಂಬ? ಆರೋಗ್ಯವಾ?" ಸ್ಟೇಷನ್ ಮಾಸ್ತರು ಚಹಾದ ಲೋಟ ಹಿಡಿದು ಪಕ್ಕಕ್ಕೆ ಬಂದರು.

"ಚೆನ್ನಾಗಿದೆ" ಎಂದಳು. ಆದರೆ ಕಣ್ಣು ಪರದೆಯಿಂದ ಕದಲಲಿಲ್ಲ. ಅದೇ ದಾರಿಯಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಅವಳ ತಮ್ಮನ ಹೆಂಡತಿ, ತಮ್ಮನ ಮಗಳು ಮತ್ತು ಬೀಗಿತ್ತಿ ಇಳಿದು ಬರುವವರಿದ್ದರು. ಅವಳು ಬಂದದ್ದೇ ಅವರನ್ನು ಕರೆದೊಯ್ಯಲು. ಕಂಬವನ್ನು ನೋಡುವುದು ನೆಪವಾಗಿತ್ತು.

*

ಕಾಲೇಜಿನ ಹುಡುಗರು ಅವಳನ್ನು ಆಲಿಕೆ ಮೇಡಂ ಎನ್ನುತ್ತಿದ್ದರು. ಹೆಸರು ಬಿದ್ದದ್ದು ಮಾತ್ರ ಅದಕ್ಕೂ ಬಹಳ ಹಿಂದೆ, ಅಪ್ಪನ ಹಿಟ್ಟಿನ ಗಿರಣಿಯಲ್ಲಿ. ಗಿರಣಿಯ ನೆತ್ತಿಯ ಮೇಲೆ ತಗಡಿನ ದೊಡ್ಡ ಆಲಿಕೆಯೊಂದಿತ್ತು. ಮೇಲೆ ಸುರಿದ ಕಾಳು ಅದರ ಕಿರಿದಾದ ಕೊರಳಿನಿಂದ ಕಲ್ಲಿನ ಬಾಯಿಗೆ ಇಳಿಯಬೇಕು. ಇಳಿಯುತ್ತಿದ್ದ ಕಾಳು ಒಮ್ಮೊಮ್ಮೆ, ಯಾರೋ ಬೇಡವೆಂದಂತೆ, ತಟಕ್ಕನೆ ನಿಂತುಬಿಡುತ್ತಿತ್ತು. ಮೇಲೆ ಮೂಟೆಗಟ್ಟಲೆ ಕಾಳು, ಕೆಳಗೆ ಬರಿದೇ ಕಿರುಚುವ ಕಲ್ಲು. ಉಳಿದ ಮಕ್ಕಳು ಕಿವಿ ಮುಚ್ಚಿಕೊಂಡು ಓಡಿದರೆ ಇವಳು ಸ್ಟೂಲು ಹತ್ತಿ ಒಳಗೆ ಇಣುಕುತ್ತಿದ್ದಳು. ಕಾಳುಗಳು ಒಂದಕ್ಕೊಂದು ಭುಜ ಕೊಟ್ಟು ಕೊರಳಿನ ಮೇಲೆ ಕಮಾನು ಕಟ್ಟಿಕೊಂಡು ನಿಂತಿರುತ್ತಿದ್ದವು.

"ಏನೇ ಹುಡುಕ್ತೀಯ ಅಲ್ಲಿ?" ಎಂದು ಅಪ್ಪ ಕೂಗುತ್ತಿದ್ದ.

"ಯಾವ ಕಾಳಿಂದ ನಿಂತಿತು ಅಂತ."

"ಒಂದು ಕಾಳಿಂದ ಎಲ್ಲಾದ್ರೂ ನಿಲ್ಲುತ್ತೇನೇ? ಎಲ್ಲಾ ಸೇರ್ಕೊಂಡು ನಿಲ್ಸಿದಾವೆ. ಇಳಿ ಕೆಳಗೆ. ಆಲಿಕೆಗೇ ಹುಟ್ಟಿದವಳ ಹಾಗೆ ಆಡ್ತಾಳೆ!"

ಅಪ್ಪ ಅರಿಯದೆ ಆಡಿದ ಆ ಮಾತೇ ಮುಂದೆ ಅವಳ ಬದುಕಿನ ಕಸುಬಾಯಿತು. ಎಲ್ಲ ಸೇರಿಕೊಂಡಾಗ ಏನಾಗುತ್ತದೆ ಎಂದು ನೋಡುವ ವಿದ್ಯೆಗೆ ಸಾಂಖ್ಯಿಕ ಭೌತಶಾಸ್ತ್ರವೆಂಬ ದೊಡ್ಡ ಹೆಸರಿತ್ತು. ಅದನ್ನು ಕಲಿಸಿದ ಗುರುಗಳು ಮೊದಲ ದಿನವೇ ಕೇಳಿದ್ದರು: "ಕೋಣೆ ಬಿಸಿಯಾಗಿದೆ ಅನ್ನೋಕೆ ಗಾಳಿಯ ಒಂದೊಂದು ಕಣವನ್ನೂ ಕರೆದು ಮಾತಾಡಿಸ್ತೀರಾ? ಎಷ್ಟಿವೆ, ಎಷ್ಟು ಒತ್ತೊತ್ತಾಗಿವೆ, ಎಷ್ಟು ಚಡಪಡಿಸ್ತಿವೆ, ಅಷ್ಟು ಗೊತ್ತಾದ್ರೆ ಸಾಕು." ಅವಳಿಗೆ ಆ ಮಾತು ಹಿತವಾಗಿತ್ತು. ಮಾತು ಕಡಿಮೆಯ, ಮದುವೆಯಾಗದ, ನೆರೆಹೊರೆಯ ಹೆಸರುಗಳನ್ನು ಮರೆಯುವ ಹೆಂಗಸಿಗೆ, ಯಾರನ್ನೂ ಮಾತಾಡಿಸದೆ ಎಲ್ಲರನ್ನೂ ಅರಿಯಬಹುದೆಂಬುದು ಸಣ್ಣ ಸಮಾಧಾನವಲ್ಲ.

ಮೊದಲು ಕಾಳುಗಳನ್ನು ನೋಡಿದಳು, ಆಮೇಲೆ ಇರುವೆಗಳ ಸಾಲು, ಆಮೇಲೆ ಸಂಜೆಯ ಹಕ್ಕಿಹಿಂಡು. ಹಿಂಡಿಗೆ ನಾಯಕನಿಲ್ಲ, ಒಂದೊಂದು ಹಕ್ಕಿಯೂ ತನ್ನ ಅಕ್ಕಪಕ್ಕದ ಐದಾರನ್ನು ಮಾತ್ರ ನೋಡಿಕೊಂಡು ಹೊರಳುತ್ತದೆ, ಅಷ್ಟರಿಂದಲೇ ಇಡೀ ಆಕಾಶ ಹೊರಳುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದಳು. ಕಡೆಗೆ ಮನುಷ್ಯರಿಗೆ ಬಂದಳು. ಕಾಲೇಜಿನ ಹಾಲ್‌ನಲ್ಲಿ ಕಿರಿದಾದ ಬಾಗಿಲು ಕಟ್ಟಿ, ಹುಡುಗ ಹುಡುಗಿಯರಿಗೆ ಬಣ್ಣದ ಟೋಪಿ ತೊಡಿಸಿ, ಎಲ್ಲರೂ ಒಟ್ಟಿಗೆ ಹೊರಗೆ ಹೋಗಿ ಎಂದಳು. ಸೂರಿನ ಕ್ಯಾಮೆರಾ ಟೋಪಿಗಳನ್ನು ಹಿಂಬಾಲಿಸಬೇಕು. ಮೊದಲ ದಿನವೇ ತೊಡಕಾಯಿತು. ಗೆಳೆಯ ಗೆಳತಿಯರು ಕೈ ಕೈ ಹಿಡಿದು ಅಂಟಿಕೊಂಡು ನಡೆದರೆ ಕಂಪ್ಯೂಟರು ಎರಡು ತಲೆಗಳನ್ನು ಒಂದೇ ಚುಕ್ಕಿಯೆಂದು ಬಗೆಯುತ್ತಿತ್ತು.

"ಕೈ ಬಿಡಿ. ಮಾತಾಡಬೇಡಿ. ಒಬ್ಬೊಬ್ಬರೇ ನಡೀರಿ" ಎಂದಳು.

"ನಮ್ಮ ಪ್ರೀತಿ ನಿಮ್ಮ ಲೆಕ್ಕಕ್ಕೆ ಅಡ್ಡ ಬಂತಾ ಮೇಡಂ?" ಎಂದಿತು ಒಂದು ಟೋಪಿ.

"ಬಂತು" ಎಂದು ಅವಳೂ ನಕ್ಕಳು. ಹಕ್ಕಿಗಳಿಗೆ ಕೊಟ್ಟಿದ್ದ ನಂಟನ್ನು ಮನುಷ್ಯರಿಂದ ಕಿತ್ತುಕೊಂಡೆನೆಂದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲಿಲ್ಲ.

ಕೈ ಬಿಟ್ಟ ಮೇಲೆ ಲೆಕ್ಕ ಸ್ಫಟಿಕದಂತೆ ಬಂತು. ಬಾಗಿಲ ಮುಂದೆ ಸರಿಯಾದ ಜಾಗದಲ್ಲಿ ಒಂದು ಕಂಬವಿಟ್ಟರೆ ಹಿಂದಿನ ಒತ್ತಡ ಕಂಬದ ಮೇಲೆ ಬೀಳುತ್ತದೆ, ಬಾಗಿಲಲ್ಲಿ ಕಮಾನು ಕಟ್ಟುವುದಿಲ್ಲ, ಜನ ಸಲೀಸಾಗಿ ಹರಿಯುತ್ತಾರೆ. ರೈಲಿನವರು ಮೂರು ನಿಲ್ದಾಣಗಳಲ್ಲಿ ಕಂಬ ನಿಲ್ಲಿಸಿದರು. ಈ ಮಾಸ್ತರು ಮೊದಲ ದಿನ ಅದನ್ನು ನೋಡಿ, "ಹೊರಗೆ ಹೋಗೋ ದಾರೀಲಿ ಕಂಬ ನೆಟ್ಟರೆ ಜನ ಬೇಗ ಹೋಗ್ತಾರಾ? ಹಾಲಿಗೆ ಹುಳಿ ಹಿಂಡಿದ್ರೆ ಕೆನೆ ಕಟ್ಟುತ್ತೆ ಅಂದ ಹಾಗಾಯ್ತು" ಎಂದಿದ್ದರು. ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವವರು ಚೀಲ ಎದೆಗವುಚಿಕೊಂಡು, ಕಿವಿಗೆ ಹಾಡು ತುಂಬಿಕೊಂಡು, ಯಾರ ಮುಖವನ್ನೂ ನೋಡದೆ, ನೀರಿನ ಹಾಗೆ ಕಂಬದ ಎರಡೂ ಬದಿ ಹರಿದುಹೋದರು. ಮಾಸ್ತರು ಬಾಯಿ ಮುಚ್ಚಿಕೊಂಡರು.

ಮನೆಯಲ್ಲಿ ಆ ಕಂಬಕ್ಕೆ ದೊಡ್ಡ ಪ್ರಚಾರ ಸಿಕ್ಕಿತು. ತಮ್ಮನ ಹೆಂಡತಿಯನ್ನು ಮನೆಮಂದಿ ರೇಡಿಯೋ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಬಾಯಿ ತೆರೆದರೆ ರಾತ್ರಿ ದೀಪ ಆರುವವರೆಗೂ ಪ್ರಸಾರ. "ಆ ಹಳದಿ ಕಂಬ ನೋಡಿದ್ರಾ? ಅದು ನಮ್ಮತ್ತಿಗೇದು" ಎಂದು ಬೀದಿಯ ಈ ತುದಿಯಿಂದ ಆ ತುದಿವರೆಗೆ ಹೇಳಿಕೊಂಡು ಬಂದಿದ್ದಳು. ಮಾತೇ ಆಡದ ಅತ್ತಿಗೆ, ಮಾತೇ ನಿಲ್ಲಿಸದ ನಾದಿನಿ ಒಂದೇ ಮನೆಯಲ್ಲಿ ಹೇಗೆ ಬಾಳುತ್ತಾರೆಂದು ನೆಂಟರಿಗೆ ಅಚ್ಚರಿ. "ಮಾತಾಡೋರಿಗೆ ಕೇಳೋರು ಬೇಕಲ್ಲ" ಎನ್ನುತ್ತಿದ್ದಳು ರೇಡಿಯೋ.

*

ಅದು ಬೇಸಗೆ ರಜೆಯ ಮೊದಲ ಸಂಜೆ. ತಡವಾಗಿದ್ದ ಎರಡು ರೈಲುಗಳು ಹೇಳಿಕೊಂಡವರಂತೆ ಒಟ್ಟಿಗೆ ಬಂದು ಪ್ಲಾಟ್‌ಫಾರಂನ ಎರಡೂ ಬದಿ ನಿಂತವು. ಇಳಿದವರಲ್ಲಿ ಒಂಟಿಯಾಗಿ ನಡೆಯುವವರೇ ಇರಲಿಲ್ಲ. ಅಪ್ಪನ ಬೆರಳು ಹಿಡಿದ ಮಗು, ಮಗುವಿನ ಚೀಲ ಹಿಡಿದ ಅಮ್ಮ, ಅಮ್ಮನ ಸೆರಗು ಹಿಡಿದ ಅಜ್ಜಿ. ಸಂಸಾರಕ್ಕೆ ಸಂಸಾರವೇ ದಾರಕ್ಕೆ ಪೋಣಿಸಿದಂತೆ ಸೇತುವೆ ಹತ್ತಿ ಬರುತ್ತಿತ್ತು.

ಕಂಬದ ಬಳಿ ದಾರ ಸಿಕ್ಕಿಕೊಳ್ಳುತ್ತಿತ್ತು.

ಇನ್ನೊಬ್ಬರು ತಿರುಗಿದರು. ಮತ್ತೊಬ್ಬರು ನಿಂತರು. ಕಂಬದ ಎಡಕ್ಕೆ ಹೋದ ತಂದೆ ಬಲಕ್ಕೆ ಹೋದ ಮಗನಿಗಾಗಿ ಪ್ರವಾಹಕ್ಕೆ ಎದುರಾಗಿ ಎರಡು ಹೆಜ್ಜೆ ಇಟ್ಟ. ಅವಳು ಪರದೆಗೆ ಇನ್ನಷ್ಟು ಬಾಗಿದಳು. ಲೆಕ್ಕದಲ್ಲಿ ಯಾವ ಚುಕ್ಕಿಯೂ ಹಿಂದಕ್ಕೆ ನಡೆದಿರಲಿಲ್ಲ. ಹಿಂದಕ್ಕೆ ನಡೆಯಲು ಚುಕ್ಕಿಗಳಿಗೆ ಯಾರೂ ಇರಲಿಲ್ಲ.

ಅವಳು ಫೋನು ಹಚ್ಚಿದಳು.

"ಅತ್ತಿಗೆ! ಇಳಿದ್ವಿ!" ಕಿವಿಗೆ ಸಿಕ್ಕಿಸಿದ ತಂತಿಯಲ್ಲಿ ರೇಡಿಯೋ ಜೋರಾಗಿ ಬಂತು. "ಗಾಡೀಲಿ ಒಬ್ಬ ಪುಣ್ಯಾತ್ಮ ದಾರಿಯುದ್ದಕ್ಕೂ ಗೊರಕೆ. ನಿಮ್ಮ ಸೊಸೆ ಅವನ ಮೂಗಿಗೆ ಕಾಗದ ತುರುಕೋಕೆ ಹೋಗಿ, ನಾನು ಹಿಡ್ಕೊಂಡು, ಅವನು ಎದ್ದು... ಅಮ್ಮ ಬೇರೆ ಅರ್ಧ ಮನೆ ಚೀಲಕ್ಕೆ ತುಂಬ್ಕೊಂಡು ಬಂದಿದಾಳೆ..."

"ಎಲ್ಲಿದೀಯ ಈಗ?"

"ಮೆಟ್ಟಿಲ ಕೆಳಗೆ ಬಂದ್ವಿ. ಇನ್ನೇನು ನಿಮ್ಮ ಕಂಬದ ದರ್ಶನ."

"ಮುಂದೆ ಬರಬೇಡ. ಹಿಂದಕ್ಕೆ ಹತ್ತು."

"ಹಿಂದಕ್ಕಾ? ಎಳ್ಳು ಹಾಕಿದ್ರೆ ಎಳ್ಳು ಕೆಳಗೆ ಬೀಳಲ್ಲ ಇಲ್ಲಿ. ನಾನು ನಡೀತಾನೂ ಇಲ್ಲ ಅತ್ತಿಗೆ, ಗುಂಪೇ ಹೊತ್ಕೊಂಡು ಹೋಗ್ತಿದೆ."

ಆ ಕೊನೆಯ ಮಾತು ರೇಡಿಯೋಗೆ ತಮಾಷೆಯಾಗಿತ್ತು. ಅವಳಿಗೆ ಅದು ತಮಾಷೆಯಾಗಿರಲಿಲ್ಲ. ಜನ ತಮ್ಮ ಕಾಲಿನಿಂದ ನಡೆಯುವುದು ನಿಂತು ಗುಂಪು ತಾನೇ ನಡೆಯತೊಡಗುವ ಒಂದು ಗಡಿಯಿದೆ. ಮಂಜುಗಡ್ಡೆ ನೀರಾಗುವಂಥ ಗಡಿ ಅದು. ಅದರಾಚೆ ಯಾರೂ ಯಾರನ್ನೂ ನೂಕುವುದಿಲ್ಲ, ಅಲೆ ನೂಕುತ್ತದೆ. ಪರದೆಯಲ್ಲಿ ಅವಳು ಅದನ್ನು ಕಣ್ಣಾರೆ ಕಂಡಳು. ಮೆಟ್ಟಿಲ ಮೇಲಿನ ತಲೆಗಳೆಲ್ಲ ಒಟ್ಟಿಗೆ ಎಡಕ್ಕೆ ವಾಲಿ, ಒಟ್ಟಿಗೆ ಬಲಕ್ಕೆ ವಾಲಿದವು, ಗಾಳಿಗೆ ಪೈರು ವಾಲುವಂತೆ. ಗಾಳಿ ಮಾತ್ರ ಇರಲಿಲ್ಲ.

"ಮಗೂನ ಹೆಗಲ ಮೇಲೆ ಕೂರಿಸ್ಕೋ, ಈಗಲೇ. ಒಂದು ಮೊಣಕೈ ಎದೆ ಮುಂದೆ ಅಡ್ಡ ಹಿಡಿ. ಏನು ಬಿದ್ರೂ ಎತ್ತೋಕೆ ಬಗ್ಗಬೇಡ."

"ಹೂಂ." ಸ್ವಲ್ಪ ಹೊತ್ತು ಬರೀ ಗದ್ದಲ. ಆಮೇಲೆ, "ಅತ್ತಿಗೆ, ಅಮ್ಮ ಕಂಬದ ಆ ಕಡೆಗೆ ಹೋಗ್ಬಿಟ್ಳು. ನಾನು ಈ ಕಡೆ. ಕೈ ಹಿಡ್ಕೊಂಡಿದೀನಿ."

ಪರದೆಯಲ್ಲಿ ಅವಳು ಹುಡುಕಿದಳು. ಹೆಗಲ ಮೇಲೆ ಕೆಂಪು ಅಂಗಿಯ ಮಗು ಇದ್ದುದರಿಂದ ಸಿಕ್ಕರು. ಕಂಬದ ಎಡಕ್ಕೆ ಮಗಳು, ಬಲಕ್ಕೆ ತಾಯಿ. ಇಬ್ಬರ ತೋಳುಗಳೂ ಕಂಬವನ್ನು ತಬ್ಬಿಕೊಂಡಂತೆ ಚಾಚಿ, ನಡುವೆ ಬಿಗಿದ ಬೆರಳುಗಳು. ಹಿಂದಿನಿಂದ ಬಂದ ಒತ್ತಡವೆಲ್ಲ ಆ ಇಬ್ಬರನ್ನೂ ಕಾಂಕ್ರೀಟಿಗೆ ಒತ್ತುತ್ತಿತ್ತು. ಕೈ ಬಿಟ್ಟರೆ ತಾಯಿ ಅತ್ತ, ಮಗಳು ಇತ್ತ ಜಾರಿ ಬಾಗಿಲ ಕಡೆಗೆ ಹೋಗಬಹುದಿತ್ತು. ಬಿಡದಿದ್ದರೆ...

"ಕೈ ಬಿಡು" ಎಂದಳು. ಹೇಳುತ್ತಿದ್ದಂತೆ ತನ್ನ ದನಿ ತನಗೇ ಗುರುತು ಸಿಕ್ಕಿತು. ಹಾಲ್‌ನಲ್ಲಿ ಟೋಪಿಗಳಿಗೆ ಹೇಳಿದ ಅದೇ ದನಿ.

"ಇಲ್ಲ."

"ನನ್ನ ಮಾತು ಕೇಳು. ಕೈ ಬಿಟ್ರೆ ಇಬ್ಬರೂ..."

"ಅಮ್ಮ ಅತ್ತಿಗೆ ಅದು. ಬಿಡಲ್ಲ."

ಆಮೇಲೆ ಫೋನಿನಲ್ಲಿ ಉಸಿರು ಮಾತ್ರ. ಚಿಕ್ಕ ಚಿಕ್ಕ, ಮೇಲೆ ಮೇಲಿನ ಉಸಿರು. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಇವತ್ತಿನವರೆಗೆ ರೇಡಿಯೋ ಹೀಗೆ ಸುಮ್ಮನಾದದ್ದನ್ನು ಅವಳು ಕೇಳಿರಲಿಲ್ಲ.

*

"ಮಾಸ್ತರೇ, ಮುಂದಿನ ಗಾಡಿ ಯಾವಾಗ?"

"ಬಂದೇ ಬಿಡ್ತು. ಪಕ್ಕದ ಪ್ಲಾಟ್‌ಫಾರಂಗೆ."

"ಇಳಿದವರು ಇದೇ ಸೇತುವೆ ಹತ್ತಬೇಕಲ್ಲ?"

"ಇನ್ಯಾವುದು? ಇರೋದೊಂದೇ."

"ತಡೀರಿ ಅದನ್ನ. ಹೊರಗೇ ನಿಲ್ಲಿಸಿ."

ಮಾಸ್ತರು ಲೋಟ ಕೆಳಗಿಟ್ಟರು. "ನೋಡಿ ಮೇಡಂ, ಆ ಗಾಡಿ ಮೊದಲೇ ತಡ. ಇವತ್ತು ನಿಲ್ಲಿಸಿದ್ರೆ ಹಿಂದಿನ ಏಳು ಗಾಡಿ ನಿಲ್ಲುತ್ತವೆ. ರಜೆ ಜನ, ಸ್ವಲ್ಪ ನೂಕುನುಗ್ಗಲು ಇದ್ದದ್ದೇ. ಅದಕ್ಕೇ ತಾನೇ ನಿಮ್ಮ ಕಂಬ?"

"ಕಂಬದಿಂದಲೇ ಆಗ್ತಿರೋದು."

"ಏನಂದ್ರಿ?"

"ಒಂಟಿ ಜನಕ್ಕೆ ಲೆಕ್ಕ ಹಾಕಿದ್ದೆ. ಜೊತೆಯಾಗಿ ಬರೋರಿಗೆ ಹಾಕಿರಲಿಲ್ಲ. ಕಂಬ ಅವರನ್ನ ಎರಡು ಪಾಲು ಮಾಡ್ತಿದೆ, ಅವರು ನಿಂತು ತಮ್ಮವರನ್ನ ಹುಡುಕ್ತಿದಾರೆ." ಅವಳು ಮಾಸ್ತರರ ಕಡೆ ತಿರುಗಿದಳು. "ತಪ್ಪು ನನ್ನದು. ನಾಳೆ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ಈಗ ಗಾಡಿ ನಿಲ್ಸಿ."

ಮಾಸ್ತರು ಪರದೆಯತ್ತ ನೋಡಿದರು. ಅವರಿಗೆ ಕಂಡದ್ದು ಎಂದಿನ ರಜೆಯ ಗುಂಪು. ಆಮೇಲೆ ಇವಳ ಮುಖ ನೋಡಿದರು. ತನ್ನ ಕಂಬವನ್ನು ಹೆತ್ತ ಮಗುವಿನಂತೆ ಹೊಗಳಿಕೊಳ್ಳದಿದ್ದರೂ, ಅದರ ಮೈಗೆ ಯಾರೋ ಜಾಹೀರಾತು ಅಂಟಿಸಿದ್ದಕ್ಕೆ ಜಗಳಕ್ಕೆ ಬಂದಿದ್ದ ಹೆಂಗಸು ಇವಳು. ಅವರು ಫೋನೆತ್ತಿದರು.

"ಹೊರ ಸಿಗ್ನಲ್ಲಲ್ಲೇ ನಿಲ್ಸಿ... ಹೌದು, ಕೆಂಪು... ಕಾರಣವಾ? ಕಾರಣ ನಾನು. ಏನೀಗ?"

ಹಿಂದಿನ ಹರಿವು ನಿಲ್ಲುವಂತಾಯಿತು. ಆದರೆ ಇರುವ ಜನ ಇದ್ದಲ್ಲೇ ಇದ್ದರು. ಪಕ್ಕದ ಮೇಜಿನಲ್ಲಿ ಪ್ರಕಟಣೆ ಹೇಳುವ ಹೆಂಗಸು, ಎಲ್ಲರ ಬಾಯಲ್ಲಿ ಮೈಕಿನಮ್ಮ, ತಾನಾಗಿಯೇ ಗುಂಡಿಯೊತ್ತಿ, "ದಯವಿಟ್ಟು ಯಾರೂ ನೂಕಬೇಡಿ" ಎಂದಳು. ಪರದೆಯಲ್ಲಿ ತಲೆಗಳು ಒಮ್ಮೆಗೇ ಎದ್ದವು. ನೂಕುತ್ತಿದ್ದಾರಂತೆ ಎಂಬ ಭಯಕ್ಕೆ ಎಲ್ಲರೂ ಒಂದೊಂದು ಹೆಜ್ಜೆ ಮುಂದಕ್ಕೇ ಒತ್ತಿದರು. ಫೋನಿನಲ್ಲಿ ಮಗು ಚೀರಿತು.

"ಅವರಿಗೆ ಹೇಳಬೇಡಿ!" ಎಂದಳು. "ಕೆಳಗಿರೋರು ಏನೂ ಮಾಡೋ ಹಾಗಿಲ್ಲ. ಸೇತುವೆ ಮೇಲೆ, ಎಲ್ಲರಿಗಿಂತ ಹಿಂದೆ ಇದಾರಲ್ಲ, ಅವರಿಗೆ ಹೇಳಿ. ಮುಂದೆ ಏನಾಗ್ತಿದೆ ಅಂತ ಅವರಿಗೆ ಗೊತ್ತೇ ಇಲ್ಲ."

"ಏನಂತ ಹೇಳಲಿ?"

"ಹಿಂದಕ್ಕೆ ಹೋಗಿ ಅಂತ."

"ಯಾರು ಹೋಗ್ತಾರೆ ಮೇಡಂ? ಮನೆ ಮುಂದಿದೆ, ಹಿಂದಕ್ಕೆ ಹೋಗಿ ಅಂದ್ರೆ?" ಮೈಕಿನಮ್ಮ ಕನ್ನಡಕ ತೆಗೆದಳು. "ಹೋಗಿ ಏನು ಮಾಡ್ಬೇಕು ಅವರು?"

ಅವಳು ಪ್ಲಾಟ್‌ಫಾರಂನ ಪರದೆ ನೋಡಿದಳು. ಎರಡು ರೈಲುಗಳೂ ಖಾಲಿಯಾಗಿ, ಬಾಗಿಲು ತೆರೆದು ನಿಂತಿದ್ದವು. "ಗಾಡಿಗೆ ವಾಪಸ್ ಹತ್ತಿ ಕೂತ್ಕೊಳ್ಳಲಿ. ನಿಮ್ಮವರನ್ನ ಕರ್ಕೊಂಡು ಹೋಗಿ ಕೂತ್ಕೊಳ್ಳಿ ಅನ್ನಿ. ಒಬ್ಬರೇ ಹೋಗಿ ಅನ್ನಬೇಡಿ."

"ಬಂದ ಗಾಡಿಗೇ ವಾಪಸ್ ಹತ್ತಿ ಅಂತ ನನ್ನ ಜನ್ಮದಲ್ಲೇ ಕೂಗಿಲ್ಲ" ಎನ್ನುತ್ತಲೇ ಆಕೆ ಗುಂಡಿಯೊತ್ತಿದಳು. ದನಿ ಮಾತ್ರ ನೆರೆಮನೆಯವಳ ದನಿಯಾಯಿತು. "ಸೇತುವೆ ಮೇಲಿರೋರು ಕೇಳಿ. ಮೆಟ್ಟಿಲು ಕೆಳಗೆ ದಾರಿ ಕಟ್ಟಿದೆ. ಮುಂದೆ ಹೋದ್ರೂ ನಿಲ್ಲೋದೇ. ನಿಮ್ಮ ಗಾಡಿ ಬಾಗಿಲು ತೆಗೆದೇ ಇದೆ, ದೀಪ ಇದೆ, ಫ್ಯಾನಿದೆ. ಮಕ್ಕಳು ಮರಿ, ದೊಡ್ಡೋರು, ನಿಮ್ಮವರನ್ನೆಲ್ಲ ಕರ್ಕೊಂಡು ಹೋಗಿ ಆರಾಮಾಗಿ ಕೂತ್ಕೊಳ್ಳಿ. ದಾರಿ ಬಿಟ್ಟ ಕೂಡಲೇ ನಾನೇ ಕರೀತೀನಿ."

ಯಾರೂ ಕದಲಲಿಲ್ಲ.

ಆಕೆ ಮತ್ತೆ ಹೇಳಿದಳು. ಯಾರೂ ಕದಲಲಿಲ್ಲ. ಫೋನಿನಲ್ಲಿ ಉಸಿರು ಇನ್ನೂ ಕಿರಿದಾಯಿತು. "ಇದೀಯಾ?" ಎಂದು ಅವಳು ಕೇಳಿದಳು. ಮಗು "ಅಮ್ಮಾ, ಕೆಳಗೆ ಹೋಗ್ಬೇಡ" ಎನ್ನುವುದು ಕೇಳಿಸಿತು. ಅವಳ ಉಗುರುಗಳು ಮೇಜಿನ ಅಂಚಿಗೆ ಕಚ್ಚಿಕೊಂಡವು. ಇಲ್ಲಿಂದ ಎದ್ದು ಓಡಬಹುದಿತ್ತು. ಓಡಿಹೋಗಿ ಆ ಗುಂಪಿಗೆ ಇನ್ನೊಂದು ಮೈ ಸೇರಿಸಬಹುದಿತ್ತು, ಅಷ್ಟೇ.

ಸೇತುವೆಯ ಆ ತುದಿಯಲ್ಲಿ ತಲೆಯ ಮೇಲೆ ಸೂಟ್‌ಕೇಸು ಹೊತ್ತ ಒಬ್ಬ ದಪ್ಪ ಮನುಷ್ಯ ಹೆಂಡತಿಯ ಕಡೆ ಬಾಗಿ ಏನೋ ಹೇಳಿದ. ಅವಳು ತಲೆಯಾಡಿಸಿದಳು. ಇಬ್ಬರೂ ಏನೋ ವಾದಿಸಿದರು. ಆಮೇಲೆ ಅವನು ತಿರುಗಿದ. ಅವನು ತಿರುಗಿದ್ದೇ ತಡ ಹೆಂಡತಿ, ಅವಳ ಕೈ ಹಿಡಿದ ಎರಡು ಹುಡುಗಿಯರು, ಆ ಹುಡುಗಿಯರ ಜಡೆ ಹಿಡಿದಂತೆ ನಡೆಯುತ್ತಿದ್ದ ಮುದುಕಪ್ಪ, ಎಲ್ಲರೂ ತಿರುಗಿದರು. ಒಬ್ಬ ತಿರುಗಿದ ಜಾಗದಲ್ಲಿ ಐವರು ತಿರುಗಿದರು. ಪಕ್ಕದವರು ಅವರನ್ನು ನೋಡಿದರು. ಪಕ್ಕದವರಿಗೂ ಒಬ್ಬ ಅಪ್ಪನಿದ್ದ, ಒಬ್ಬ ಅಜ್ಜಿಯಿದ್ದಳು, ನಿದ್ದೆ ಬಂದ ಮಗುವಿತ್ತು.

ಅವಳು ನೋಡುತ್ತಿದ್ದಳು. ಹಿಂಡು ಹೊರಳುತ್ತಿತ್ತು. ಕೈ ಬಿಟ್ಟು ಒಂಟಿಯಾಗಿ ನಡೆಯುವ ಜನವಾಗಿದ್ದರೆ ಸಾವಿರ ಜನರನ್ನು ಸಾವಿರ ಸಲ ಒಪ್ಪಿಸಬೇಕಾಗಿತ್ತು. ಈ ಜನ ಒಬ್ಬರನ್ನೊಬ್ಬರು ಎಳೆದುಕೊಂಡು ಹೋಗುತ್ತಿದ್ದರು. ಕಂಬದ ಬುಡದಲ್ಲಿ ಕೊಲ್ಲುತ್ತಿದ್ದ ಅದೇ ಕೈ ಸೇತುವೆಯ ಮೇಲೆ ಬಿಡಿಸುತ್ತಿತ್ತು.

ಆದರೆ ಅದು ಕೆಳಗಿನವರೆಗೆ ಬರಬೇಕಿತ್ತು. ಸೇತುವೆ ತೆಳುವಾಯಿತು. ಮೇಲಿನ ಮೆಟ್ಟಿಲು ತೆಳುವಾಯಿತು. ನಡುವಿನ ಮೆಟ್ಟಿಲಿನವರು ಹಿಂದಿನಿಂದ ಒತ್ತು ಕಡಿಮೆಯಾದದ್ದು ತಿಳಿಯದೆ ಇನ್ನೂ ಮುಂದಕ್ಕೇ ವಾಲಿಕೊಂಡಿದ್ದರು. ಮೈಕಿನಮ್ಮನ ಗಂಟಲು ಒಡೆಯುತ್ತಿತ್ತು. "ನಡುಮೆಟ್ಟಿಲಿನೋರು ಹಿಂದೆ ನೋಡಿ, ಜಾಗ ಇದೆ, ಒಂದೊಂದೇ ಮೆಟ್ಟಿಲು ಹತ್ತಿ, ಅಜ್ಜಿ ಕೈ ಹಿಡ್ಕೊಳ್ರಪ್ಪ..." ಹತ್ತಿದರು. ಕಂಬದ ಸುತ್ತ ಕಟ್ಟಿದ್ದ ಬಿಗಿ ತಟ್ಟನೆ ಸಡಿಲವಾಯಿತು. ಸಡಿಲವಾದದ್ದೇ, ಇಷ್ಟು ಹೊತ್ತು ಒಬ್ಬರ ಮೇಲೊಬ್ಬರು ಒರಗಿ ನಿಂತಿದ್ದವರು ಆಸರೆ ತಪ್ಪಿ ಕುಸಿದರು. ಕೆಂಪು ಅಂಗಿ ಪರದೆಯಿಂದ ಮಾಯವಾಯಿತು.

ಅವಳು ಓಡಿದಳು.

*

ನಿಲ್ದಾಣದ ಹೊರಗಿನಿಂದ ಸುತ್ತಿ ಬಾಗಿಲಿಗೆ ಬಂದಾಗ ಜನ ಒಬ್ಬೊಬ್ಬರಾಗಿ ಈಚೆಗೆ ಬರುತ್ತಿದ್ದರು. ಯಾರೂ ಕೂಗಾಡುತ್ತಿರಲಿಲ್ಲ. ತಮ್ಮವರ ಮೈಮುಟ್ಟಿ ನೋಡಿಕೊಳ್ಳುವ ಗಡಿಬಿಡಿಯಲ್ಲಿ ಬೈಯುವುದನ್ನೂ ಮರೆತಿದ್ದರು. ಬಾಗಿಲ ಪಕ್ಕದಲ್ಲಿ ಯಾರದೋ ಚಪ್ಪಲಿಗಳು, ಒಡೆದ ನೀರಿನ ಬಾಟಲಿ, ಹಿಡಿ ಕಿತ್ತ ಚೀಲ ಬಿದ್ದಿದ್ದವು. ಒಬ್ಬ ಹುಡುಗಿಯನ್ನು ಇಬ್ಬರು ಹೊತ್ತುಕೊಂಡು ಹೋದರು; ಅವಳು ಕಣ್ಣು ಬಿಟ್ಟಿದ್ದಳು.

ರೇಡಿಯೋ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮಗು ಅವಳ ಕೊರಳಿಗೆ ಜೋತುಬಿದ್ದಿತ್ತು. ಪಕ್ಕದಲ್ಲಿ ಬೀಗಿತ್ತಿ ತನ್ನ ಬಲಗೈಯನ್ನು ಎಡಗೈಯಲ್ಲಿ ಮಗುವಿನಂತೆ ಎತ್ತಿಕೊಂಡಿದ್ದರು. ಮಣಿಕಟ್ಟು ಊದಿ ವಾರೆಯಾಗಿತ್ತು. ತಾಯಿ ಮಗಳಿಬ್ಬರ ತೋಳಿಗೂ ಮೊಣಕೈವರೆಗೆ ಕಂಬದ ಹಳದಿ ಬಣ್ಣ ಮೆತ್ತಿತ್ತು.

"ಬೀಗಿತ್ತೀ..." ಅವಳು ಮಂಡಿಯೂರಿದಳು. "ಉಸಿರಾಡೋಕೆ ಆಗ್ತಿದೆಯಾ? ಎದೆ ನೋವು?"

"ಕೈ ಮುರೀತು ಅನ್ಸುತ್ತಮ್ಮಾ" ಎಂದರು ಬೀಗಿತ್ತಿ. ನೋವಿನಲ್ಲೂ ಅವರಿಗೆ ಒಂದು ಹೆಮ್ಮೆ. "ಇವಳು ಬಿಡ್ಲಿಲ್ಲ ನೋಡು. ಮದುವೇಲಿ ಕಳಿಸಿಕೊಟ್ಟಾಗಲೂ ಇಷ್ಟು ಗಟ್ಟಿ ಹಿಡಿದಿರಲಿಲ್ಲ ಮುಂಡೇದು."

ಮಗು ತಲೆಯೆತ್ತಿ, "ಅತ್ತೆ, ನನಗೆ ಎಲ್ಲಾ ಕಾಣ್ತಿತ್ತು" ಎಂದಿತು. ಏನು ಕಂಡಿತೆಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ರೇಡಿಯೋ ಇನ್ನೂ ಮಾತಾಡಿರಲಿಲ್ಲ. ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು. ಸಿಟ್ಟೂ ಅಲ್ಲದ, ಕನಿಕರವೂ ಅಲ್ಲದ ಆ ನೋಟದ ಮುಂದೆ ಅವಳು ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದಳು:

"ತಪ್ಪು ನಂದೇ. ಕೈ ಬಿಟ್ಟು ನಡೆಯೋರಿಗೆ ಲೆಕ್ಕ ಹಾಕಿದ್ದೆ."

"ಗೊತ್ತಾಯ್ತು." ದನಿ ಗೊಗ್ಗರಾಗಿತ್ತು. ಪಕ್ಕೆ ಹಿಡಿದುಕೊಂಡು ಒಂದು ಉಸಿರು ಎಳೆದಳು. "ಮಿಕ್ಕ ಎರಡು ಕಡೆ?"

"ಏನು?"

"ಇಂಥದೇ ಇನ್ನೂ ಎರಡು ಕಂಬ ಇವೆಯಲ್ಲ ಅತ್ತಿಗೆ. ಅಲ್ಲಿಗೂ ಇವತ್ತೇ ತಾನೇ ರಜೆ?"

ಅವಳು ಎದ್ದು ನಿಂತಳು. ನಾದಿನಿಯ ಉಸಿರು ಬಿಟ್ಟರೆ ಬೇರೆ ಯಾವುದೂ ಆ ಗಳಿಗೆಯವರೆಗೆ ಅವಳ ತಲೆಯಲ್ಲಿರಲಿಲ್ಲ. ಫೋನೆತ್ತಿಕೊಂಡಳು. ಇನ್ನೊಂದು ನಿಲ್ದಾಣದ ಮಾಸ್ತರರ ಹೆಸರು ಹುಡುಕುವಾಗ ಬೆರಳು ಎರಡು ಸಲ ತಪ್ಪಿತು. ಮಗು ಕೆಳಗಿಳಿದು ಬಂದು ಅವಳ ಸೀರೆಯಂಚು ಹಿಡಿದು ನಿಂತಿತು.

ಆ ಕಡೆ ಫೋನೆತ್ತಿದವರು ಲವಲವಿಕೆಯಿಂದಿದ್ದರು. ಹಿಂದೆ ರೈಲು ಬಂದು ನಿಲ್ಲುವ ಸದ್ದು. "ಓ ಮೇಡಂ, ನಮಸ್ಕಾರ! ನಿಮ್ಮನ್ನೇ ನೆನೆಸ್ಕೊಂಡೆ. ಭಾರೀ ಜನ ಇವತ್ತು. ಏನೂ ತೊಂದರೆ ಇಲ್ಲ, ಕಂಬ ಚೆನ್ನಾಗಿ ಕೆಲಸ ಮಾಡ್ತಿದೆ."

"ನಮ್ಮಲ್ಲೂ ಚೆನ್ನಾಗೇ ಮಾಡ್ತಿತ್ತು" ಎಂದಳು. "ಪರದೆ ನೋಡಿ. ಕಂಬದ ಹತ್ತಿರ ಯಾರಾದ್ರೂ ಹಿಂದಕ್ಕೆ ತಿರುಗ್ತಿದಾರಾ?"

ಆ ಕಡೆ ಕುರ್ಚಿ ಸರಿದ ಸದ್ದು.

"ಒಂದಿಬ್ಬರು... ಹೌದು. ಯಾಕೆ ಮೇಡಂ?"

"ಸೇತುವೆಗೆ ಜನ ಹತ್ತೋದನ್ನ ಈಗಲೇ ನಿಲ್ಸಿ. ಆಮೇಲೆ ಕಂಬದ ಒಂದು ಕಡೆ ದಾರಿ ಹಗ್ಗ ಕಟ್ಟಿ ಮುಚ್ಚಿ, ಎಲ್ಲರೂ ಒಂದೇ ಕಡೆಯಿಂದ ಹೋಗಲಿ. ಯಾಕೆ ಅಂತ ಕೇಳ್ಬೇಡಿ, ಬೈಯೋದಿದ್ರೆ ಆಮೇಲೆ ಬೈಯುವಿರಂತೆ. ಕಂಬ ಇರೋ ಇನ್ನೊಂದು ಸ್ಟೇಷನ್ನಿಗೂ ನಿಮ್ಮವರಿಂದ ಈಗಲೇ ಇದನ್ನೇ ಹೇಳಿಸಿ. ನಾನು ಫೋನ್ ಇಡಲ್ಲ. ಮಾಡಿ, ಮಾಡ್ತಾ ನನಗೆ ಹೇಳಿ."